ನಮ್ಮ ಮಂದಿಗೆ ಆಗಿಬರತೈತಿ

ಊರಿಗೆ, ಬೆಳೆಗೆ, ಸೊಸೆಯ ಕಾಲ್ಗುಣಕ್ಕೆ ಹೇಳುವ ‘ಆಗಿಬರತೈತಿ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಸಾರಾಯಿಗೂ ಹೇಳುತ್ತಿದ್ದರು. ಕಾರಣ ನಮ್ಮಜ್ಜ. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊತ್ತವನು, ದಿನಾ ಸಂಜೆ ಕುಡಿದೂ ಎಂಬತ್ತರ ಹತ್ತಿರ ಬದುಕಿದ. “ಅಪ್ಪಗ ಏನಾತು? ಕಲ್ಲ ತಿಂದ ಕರಗಿಸಿದಾಂವ!” ಎಂದು ದೊಡ್ಡಪ್ಪ ಮೀಸೆ ತಿರುವುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅಜ್ಜನ ಕೈ ನಡುಗಿ ಚಹಾದ ಬಸಿ ಹಿಡಿಯಲು ಬರುತ್ತಿರಲಿಲ್ಲ, ಮೊಮ್ಮಗಳು ನಾನೇ ಕುಡಿಸುತ್ತಿದ್ದೆ. ಅದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಆ ಮಾತನ್ನೇ ನಂಬಿ ನನ್ನ ತಮ್ಮನೂ ಕುಡಿದ. ಸವದತ್ತಿ ದಾರಿಯಲ್ಲಿ ಟೆಂಪೊ ಓಡಿಸುತ್ತಿದ್ದ. ಅಜ್ಜನ ಅರ್ಧದಷ್ಟೂ ಕುಡಿಯುತ್ತಿರಲಿಲ್ಲ. ಆದರೂ ಮೂವತ್ತು ತುಂಬುವ ಮೊದಲೇ ಕಣ್ಣು ಅರಿಷಿಣವಾದವು, ಹೊಟ್ಟೆಯಲ್ಲಿ ನೀರು ತುಂಬಿತು. ಧಾರವಾಡದ ಡಾಕ್ಟರ ಮುಂದೆ ನಾನು ಅಜ್ಜನ ಮಾತು ತೆಗೆದೆ. “ಒಬ್ಬೊಬ್ಬರ ಲಿವರ್ ಒಂದೊಂದು ನಮೂನಿ ಇರತೈತ್ರಿ. ಇವರು ಇನ್ನೊಮ್ಮೆ ಕುಡದ್ರ ಉಳಿಯೂದು ಕಷ್ಟ” ಎಂದರು.

ಆ ವರ್ಷದ ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿದೆವು. ಹೋಳಿಗೆ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಅಜ್ಜನಿಗೆಂದು ಒಂದು ಸಾರಾಯಿ ಪಾಕೀಟು. ಪೂಜೆ ಮುಗಿದ ಮೇಲೆ ಅದನ್ನು ಮನೆಯ ಗಂಡುಮಕ್ಕಳು ಪ್ರಸಾದವೆಂದು ಕುಡಿಯುವುದು ನಮ್ಮಲ್ಲಿ ರೂಢಿ. ದೊಡ್ಡಪ್ಪ ಪಾಕೀಟಿನ ತುದಿಯನ್ನು ಹಲ್ಲಿನಿಂದ ಕಡಿದು, ಅರ್ಧ ಲೋಟದಷ್ಟು ಸುರಿದು, ಆಸ್ಪತ್ರೆಯಿಂದ ಬಂದು ತಿಂಗಳೂ ಆಗದ ತಮ್ಮನ ಮುಂದೆ ಹಿಡಿದರು.

“ಹಿರ್ಯಾರ ಎಡಿ, ಒಲ್ಲೆ ಅನಬಾರದು. ಒಂದ ಗುಟುಕ. ನಮ್ಮ ಮಂದಿಗೆ ಆಗಿಬರತೈತಿ.”

ತಮ್ಮ ಕೈ ಚಾಚಿದ. ಹಿರಿಯರಿಗೆ ಒಲ್ಲೆ ಎನ್ನುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ. ನಾನು ನಡುವೆ ಬಂದು ಲೋಟ ಕಸಿದುಕೊಂಡೆ.

“ಏ, ಹೆಣ್ಮಗಳು ಅದನ್ನ ಮುಟ್ಟಬಾರದು!” ಎಂದು ದೊಡ್ಡಪ್ಪ ಗದರಿದರು.

“ಎಡಿ ಬಿಡಬಾರದಲ್ರಿ ದೊಡ್ಡಪ್ಪಾ? ಬಿಡೂದಿಲ್ಲ” ಎಂದು ಗಟಗಟ ಕುಡಿದೆ. ಗಂಟಲು ಸುಟ್ಟಿತು. ಈಗ ಬೀಳುತ್ತಾಳೆ, ಆಗ ಬೀಳುತ್ತಾಳೆ ಎಂದು ಎಲ್ಲರೂ ಕಾದರು. ನಿಜ ಹೇಳಬೇಕೆಂದರೆ ನಾನೂ ಕಾದೆ. ಏನೂ ಆಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎಲ್ಲರಿಗೂ ಹೋಳಿಗೆ ಬಡಿಸಿದೆ, ತುಪ್ಪ ಒಂದು ಹನಿ ಆಚೀಚೆ ಬೀಳಲಿಲ್ಲ.

“ಅಜ್ಜನ ಗಟ್ಟಿತನ ಯಾರಿಗೆ ಬಂದೈತಿ ಅಂತ ನೋಡಿದ್ರಿಲ್ಲೊ?” ಎಂದೆ. “ಇವಗ ಬಂದಿಲ್ಲ. ನನಗ ಬಂದೈತಿ, ನನಗ ಅದು ಬ್ಯಾಡ.”

ದೊಡ್ಡಪ್ಪ ಮೂರು ವರ್ಷ ನನ್ನೊಡನೆ ಮಾತು ಬಿಟ್ಟರು. ಬಿಡಲಿ. ಮಾತಾಡಲು ನನಗೆ ತಮ್ಮ ಉಳಿದ.