ಎಡಗೈಯಲ್ಲಿದ್ದ ಕೋಲು

ರಿಲೇ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ನಮ್ಮ ತಂಡದ ಬಸಣ್ಣ ನನ್ನ ಹತ್ತಿರ ಬಂದವನೇ ನಿಂತುಬಿಟ್ಟ. ಎಡಗೈಯಲ್ಲಿದ್ದ ಕೋಲನ್ನು ಬಲಗೈಗೆ ಬದಲಿಸಿ, ಆಮೇಲೆ ನನಗೆ ಕೊಟ್ಟ. ಅಷ್ಟರಲ್ಲಿ ಗಂಗಾವತಿಯ ಓಟಗಾರ ನಮ್ಮನ್ನು ದಾಟಿ ಹೋಗಿದ್ದ. ಕೊನೆಯ ಸುತ್ತು ನನ್ನದು. ಎಷ್ಟು ಓಡಿದರೂ ಅವನನ್ನು ಹಿಡಿಯಲಾಗಲಿಲ್ಲ.

ಅದು ನಿಜಾಮರ ಕಾಲ, ಕೊಪ್ಪಳದ ಮೈದಾನ. ಸೋತ ಸಿಟ್ಟಿನಲ್ಲಿ, "ಯಾಕ ನಿಂತಿ?" ಎಂದು ಬಸಣ್ಣನನ್ನು ಗದರಿದೆ.

"ನೀವು ಹಿರೇರು. ಎಡಗೈಲೆ ಹೆಂಗ ಕೊಡ್ಲಿರಿ?" ಎಂದ ತಲೆ ತಗ್ಗಿಸಿ.

ಪಕ್ಕದಲ್ಲಿದ್ದ ಮಾಸ್ತರರು ನನ್ನ ಕಡೆ ತಿರುಗಿ, "ಅವ ನಿಂತಿದ್ದು ಖರೆ. ಕೋಲು ಕೈಗೆ ಬಂದ ಮ್ಯಾಲೆ ನೀ ಯಾಕ ನಿಂತು ಕಣ್ಣಿಗೆ ಒತ್ತಿಕೊಂಡಿ?" ಎಂದರು.

ನನಗೆ ಅದರ ಅರಿವೇ ಇರಲಿಲ್ಲ. ಅಂದಿನಿಂದ ಆ ಸೋಲನ್ನು ಬಸಣ್ಣನ ತಲೆಗೆ ಕಟ್ಟಿಲ್ಲ. ಅದು ನಮ್ಮಿಬ್ಬರ ಕೈಗಳದು.