ನಾದಿನಿಯ ಫೋನು, ಗುರುಗಳ ಕಂಬಳಿ

ಆಂಧ್ರದ ರಾಯದುರ್ಗದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕರಿ ಕಂಬಳಿ ಇತ್ತು. ಅದನ್ನು ಯಾರೂ ಹೊದೆಯುವಂತಿರಲಿಲ್ಲ, ಹಾಸುವಂತಿರಲಿಲ್ಲ, ಮಾಗಿಯ ಚಳಿಗೆ ಮನೆಮಂದಿಯೆಲ್ಲ ಗಡಗಡ ನಡುಗಿದರೂ ಕೆಳಗಿಳಿಸುವಂತಿರಲಿಲ್ಲ. ಅದು ಮಡಕಶಿರಾ ಸೀಮೆಯ ಮಠದ ಗುರುಗಳದು. ಆ ಮಠದ ಗುರುಗಳು ಐಕ್ಯರಾದಾಗ ಅವರನ್ನು ಸಮಾಧಿಯ ಗುಂಡಿಯಲ್ಲಿ ಕೂರಿಸುವುದು ನಮ್ಮ ಮನೆಯ ಕಂಬಳಿಯ ಮೇಲೆಯೇ. ನಮ್ಮ ಹಿಂಡಿನ ಕರಿ ಕುರಿಗಳ ಉಣ್ಣೆಯೇ ಆಗಬೇಕು, ಬಣ್ಣ ಹಾಕಿರಬಾರದು, ನಡುವೆ ಹೊಲಿಗೆ ಇರಬಾರದು. ಹಿಂದೆ ಯಾವುದೋ ಕಾಲದಲ್ಲಿ ಬಯಲಿನಲ್ಲಿ ಮಳೆಗೆ ಸಿಕ್ಕಿಬಿದ್ದ ಗುರುವೊಬ್ಬರಿಗೆ ನಮ್ಮ ಮನೆಯ ಕುರಿಗಾಹಿ ತನ್ನ ಕಂಬಳಿ ಹೊದಿಸಿ ತಾನು ನೆನೆದನಂತೆ. ಅದಕ್ಕೆ ಸಿಕ್ಕ ಹಕ್ಕು ಇದು. ನಮಗೆ ಹೊಲ ಹೆಚ್ಚಿಲ್ಲ, ಓದು ಹೆಚ್ಚಿಲ್ಲ. ಈ ಹಕ್ಕೊಂದು ಇತ್ತು, ಅದರ ಜಂಬವೂ ಇತ್ತು. ಜಂಬ ಕೆಟ್ಟದ್ದು ಎನ್ನುವವರು ಎನ್ನಲಿ. ಇಟ್ಟುಕೊಳ್ಳಲು ಬೇರೇನೂ ಇಲ್ಲದವರು ಅದನ್ನಾದರೂ ಇಟ್ಟುಕೊಳ್ಳಬೇಡವೇ?

ಹಕ್ಕಿನ ಬೆನ್ನಿಗೆ ಕಟ್ಟುಪಾಡುಗಳೂ ಇದ್ದವು. ಹೊತ್ತಿಗೆ ಸರಿಯಾಗಿ ಕಂಬಳಿ ತಲುಪದಿದ್ದರೆ ಮಠದವರು ಬೇರೆ ಮನೆಯದನ್ನು ಹಾಸಬಹುದು. ಒಮ್ಮೆ ಹಾಸಿದರೆ ಮುಗಿಯಿತು, ಹಕ್ಕು ಆ ಮನೆಗೆ ಹೋಯಿತು. ಹಾಗೆಂದು ಮೊದಲೇ ಒಯ್ದು ಇಡುವಂತೆಯೂ ಇಲ್ಲ. ಗುರುಗಳು ಉಸಿರಾಡುತ್ತಿರುವಾಗ ಆ ಕಂಬಳಿ ನಮ್ಮ ಹೊಸ್ತಿಲು ದಾಟಿದರೆ ಅವರ ಸಾವನ್ನು ಬಯಸಿದ ಹಾಗೆ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅದೇ ಮಡಕಶಿರಾ ಸೀಮೆಯ ಹೇಮಾವತಿ ಎಂಬ ಊರಿನ ಪಕ್ಕದ ಹಳ್ಳಿಯಿಂದ. ನಮ್ಮದು ಸಾಟಿ ಮದುವೆ. ನಾನು ಇಲ್ಲಿಗೆ ಬಂದೆ, ನನ್ನ ಗಂಡನ ತಂಗಿ ನನ್ನ ಅಣ್ಣನ ಕೈಹಿಡಿದು ನನ್ನ ತವರಿಗೆ ಹೋದಳು. ನಾನು ‘ಐತೆ’ ಅಂದರೆ ಇಲ್ಲಿಯವರು ನಗುತ್ತಿದ್ದರು, ಅವಳು ‘ಐತಿ’ ಅಂದರೆ ಅಲ್ಲಿಯವರು ನಗುತ್ತಿದ್ದರು, ಅಲ್ಲಿಗಲ್ಲಿಗೆ ಸರಿಹೋಯಿತು. ನಾನು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿಗೆ ಸೇರಿದೆ. ನನ್ನ ಗಂಡ ಅದೇ ಪ್ಯಾಂಟುಗಳ ಗಂಟುಗಳನ್ನು ಬಳ್ಳಾರಿಗೆ ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಮಾವ ಮಾತ್ರ ಕುರಿ, ಮಗ್ಗ ಬಿಟ್ಟವರಲ್ಲ. ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗಕ್ಕೆ ಹೂಡಿದ ಉಣ್ಣೆ ಎಳೆಗಳ ಹತ್ತಿರ ನಾನು ಸುಳಿದರೆ ಸಾಕು, "ನೀ ದೂರ ನಿಂದರವ್ವಾ, ನಿನ್ನ ಕೈಯಾಗ ಬರೇ ಹೊಲಿಗಿ ಐತಿ" ಎಂದು ಛೇಡಿಸುತ್ತಿದ್ದರು.

ಮಾವ ‘ಅಜ್ಜಾರು’ ಎನ್ನುತ್ತಿದ್ದ ಆ ಗುರುಗಳಿಗೆ ವಯಸ್ಸಾಗಿತ್ತು. ಅವರು ಹಾಸಿಗೆ ಹಿಡಿದ ಬೇಸಿಗೆಯಲ್ಲೇ ಫೋನುಗಳು ಅವರನ್ನು ಒಮ್ಮೆ ಸಾಯಿಸಿಬಿಟ್ಟವು. ಯಾರೋ ಹರಿಬಿಟ್ಟ ವಿಡಿಯೊ. ಗುರುಗಳ ಕೊರಳು ಮುಚ್ಚುವಷ್ಟು ಹೂವಿನ ಹಾರ, ಕೆಳಗೆ ದುಃಖದ ಮಾತು. ಆ ಹಾರ ಹಿಂದಿನ ವರ್ಷದ ಅವರ ಹುಟ್ಟುಹಬ್ಬದ್ದು ಎಂದು ಯಾರಿಗೆ ಗೊತ್ತು? ನೆರೆಮನೆಯವರು ತೋರಿಸಿದ್ದೇ ತಡ, ಮಾವ ಏಣಿ ಹತ್ತಿ ಕಂಬಳಿ ಇಳಿಸಿ, ಹೆಗಲಿಗೇರಿಸಿ, ಬರಿಗಾಲಲ್ಲಿ ಬಸ್ಸು ಹತ್ತಿದರು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಠದಿಂದ ಹಿಂದಿರುಗುತ್ತಿದ್ದ ಭಕ್ತರೊಬ್ಬರು ಎದುರಾಗಿ, ಹೆಗಲ ಮೇಲಿದ್ದುದನ್ನು ಕಂಡು ಹೌಹಾರಿದರು. ಗುರುಗಳು ಅಂದು ಬೆಳಿಗ್ಗೆ ರಾಗಿ ಗಂಜಿ ಕುಡಿದು ಎಳೆಬಿಸಿಲಿಗೆ ಕೂತಿದ್ದನ್ನು ಅವರು ಕಣ್ಣಾರೆ ನೋಡಿ ಬಂದಿದ್ದರು.

ಮಾವ ಊರಿನವರೊಬ್ಬರ ಕೈಯಲ್ಲಿ ಕಂಬಳಿಯನ್ನು ಮನೆಗೆ ಕಳಿಸಿ, ಅದೇ ಬರಿಗಾಲಲ್ಲಿ ಮಠಕ್ಕೆ ಹೋಗಿ ಅಡ್ಡಬಿದ್ದರು. ಗುರುಗಳು ನಕ್ಕುಬಿಟ್ಟರಂತೆ. "ಯಾಕಪ್ಪಾ ಅಷ್ಟು ಅವಸರ? ನಂಗಿನ್ನೂ ಚಳಿ ಆಗ್ತಿಲ್ವಲ್ಲ" ಎಂದರಂತೆ. ಆದರೆ ಮಠದ ಹಿರಿಯರು ನಗಲಿಲ್ಲ. ಮತ್ತೊಮ್ಮೆ ಹೀಗಾದರೆ ಬೇರೆ ಮನೆ ನೋಡಿಕೊಳ್ಳುತ್ತೇವೆ ಎಂದರು. ಮಠದ ಊರಲ್ಲೇ ಇನ್ನೊಂದು ಮನೆಯವರು ಕಂಬಳಿ ನೇಯ್ದು ಮಡಿಸಿ ಇಟ್ಟುಕೊಂಡು ಕಾಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು.

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮನೆಗೆ ಬಂದ ಮಾವ, "ಇನ್ನ ಟೀವಿ ಬಾಯಿಬಿಟ್ಟು ಹೇಳೋತನ ಕಂಬಳಿ ಇಳಸಂಗಿಲ್ಲ. ಫೋನಿನ ಮಾತು ನನ್ ಮುಂದ ತರಬ್ಯಾಡ್ರಿ" ಎಂದು ಆಣೆ ಹಾಕಿದರು. ಹಬ್ಬಕ್ಕೆ ಬಂದಿದ್ದ ಮಗಳನ್ನೂ ಬಿಡಲಿಲ್ಲ. "ನಿನ್ನಂಥ ಫೋನಿನವ್ರ ನನ್ ಮರ್ಯಾದಿ ಕಳದದ್ದು" ಎಂದು ಎಲ್ಲರೆದುರು ಅಂದರು. ನನಗೆ ಮಾವನ ಮೇಲೆ ಸಿಟ್ಟು ಬಂತು. ಯಾಕೆಂದರೆ ಆ ವಿಡಿಯೊ ಅವಳದಾಗಿರಲಿಲ್ಲ, ಅವಳು ಎಂಥವಳು ಎಂದು ನನಗೆ ಗೊತ್ತಿತ್ತು.

ನನ್ನ ನಾದಿನಿ ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವಳು. ಆ ವರ್ಷಗಳಲ್ಲಿ ನಮ್ಮ ಎರಡೂ ಸೀಮೆಯ ಹೆಣ್ಣುಮಕ್ಕಳು ತಂಡತಂಡವಾಗಿ ಹೋಗಿ ಹಾಸ್ಟೆಲ್ಲುಗಳಲ್ಲಿ, ಶೀಟಿನ ಮನೆಗಳಲ್ಲಿ ಇದ್ದರು. ಅವರಿಗೆ ಊರಿನ ಸುದ್ದಿ ಬೇಕು, ಊರ ದೇವರು ಬೇಕು. ಕೊಡುವವರು ಯಾರು? ತೆಲುಗು ಟೀವಿಗೆ ನಾವು ಕನ್ನಡದವರು, ಕನ್ನಡ ಟೀವಿಗೆ ನಾವು ಆಂಧ್ರದವರು. ಓಬಳಾಪುರದ ಗಣಿಯ ಗಲಾಟೆ ಇದ್ದಾಗ ಇಬ್ಬರೂ ವ್ಯಾನು ತಂದು ನಿಲ್ಲಿಸಿದ್ದರು. ದೇವರು, ಮಠ ಎಂದರೆ ಇಬ್ಬರಿಗೂ ನಾವು ಆಚೆಯವರು. ಹಾಗಾಗಿ ನಾದಿನಿ ಮದುವೆಯಾಗಿ ಹೋದ ಮೇಲೆ, ಹಿಪ್ಪುನೇರಳೆ ಸೊಪ್ಪು ಕೊಯ್ದು ಉಳಿದ ಹೊತ್ತಿನಲ್ಲಿ, ಹೇಮಾವತಿಯ ಸಿದ್ಧೇಶ್ವರನ ಸೋಮವಾರದ ಪೂಜೆಯನ್ನು ಫೋನಿನಲ್ಲಿ ಲೈವ್ ತೋರಿಸತೊಡಗಿದಳು. ಮೊದಲು ಗೆಳತಿಯರು ನೋಡಿದರು, ಆಮೇಲೆ ಗೆಳತಿಯರ ಗೆಳತಿಯರು, ಆಮೇಲೆ ನಮ್ಮ ಯೂನಿಟ್ಟಿನ ಸಾಲಿಗೆ ಸಾಲೇ. ಮಠದ ಅನ್ನದಾಸೋಹ, ಗುರುಗಳ ಆರೋಗ್ಯ ಎಲ್ಲವೂ ಅವಳ ಪೇಜಿನಲ್ಲೇ ಮೊದಲು. ಮಾವ ಮಾತ್ರ "ಆಕಿ ಫೋನ್ನ್ಯಾಗ ಕುಣಿತಾಳ" ಎನ್ನುತ್ತಿದ್ದರು.

ಆ ಸುಳ್ಳು ಸಾವಿನ ದಿನ ಅವಳ ಪೇಜು ತುಟಿ ಬಿಚ್ಚಿರಲಿಲ್ಲ. ನೋಡುವವರು ಕಮೆಂಟಿನಲ್ಲಿ ಬೈದರೂ ಬಿಚ್ಚಿರಲಿಲ್ಲ. ಸಾವಿನ ಸುದ್ದಿಯನ್ನು ತಾನು ಕಣ್ಣಲ್ಲಿ ನೋಡದೆ, ಮಠದ ಹಿರಿಯರ ಬಾಯಲ್ಲಿ ಕೇಳದೆ ಆಡುವುದಿಲ್ಲ ಎಂಬುದು ಅವಳ ಪಟ್ಟು. ಸಂಬಳ ತಗೊಂಡು ಸುದ್ದಿ ಹೇಳುವ ಎಷ್ಟು ಜನಕ್ಕೆ ಈ ಪಟ್ಟು ಇದೆಯೋ ನಾನು ಕಾಣೆ.

ಗುರುಗಳು ನಿಜವಾಗಿ ಹೋದದ್ದು ಮುಂದಿನ ಕಾರ್ತೀಕದಲ್ಲಿ, ಒಂದು ಮುಂಜಾನೆ. ಯೂನಿಟ್ಟಿನಲ್ಲಿ ಮೆಷಿನ್ನುಗಳ ಸದ್ದಿಗೆ ನಾದಿನಿಯ ಕರೆಗಳು ನನಗೆ ಕೇಳಿರಲಿಲ್ಲ. ಪಕ್ಕದ ಮೆಷಿನ್ನಿನವಳು ನನ್ನ ಮೊಣಕೈ ತಟ್ಟಿ ತನ್ನ ಫೋನು ಮುಂದೆ ಹಿಡಿದಳು. ನಾದಿನಿ ಮಠದ ಅಂಗಳದಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಅವಳ ಹಿಂದೆ ಹಿರಿಯರೊಬ್ಬರು, ಗುರುಗಳು ಐಕ್ಯರಾದರು, ದೇಹವನ್ನು ಬಹಳ ಹೊತ್ತು ಇಟ್ಟುಕೊಳ್ಳಬೇಡಿ ಎಂದು ಅವರೇ ಹೇಳಿ ಹೋಗಿದ್ದಾರೆ, ಹೊತ್ತು ಮುಳುಗುವ ಮೊದಲು ಸಮಾಧಿ ಎಂದು ಹೇಳುತ್ತಿದ್ದರು. ಹೊಲಿಯುತ್ತಿದ್ದ ಪ್ಯಾಂಟನ್ನು ಸೂಜಿಯಲ್ಲೇ ಬಿಟ್ಟು, ಗಂಡನಿಗೆ ಫೋನು ಮಾಡುತ್ತಾ ಆಟೊ ಹತ್ತಿದೆ.

ಮನೆಯಲ್ಲಿ ಮಾವ ಟೀವಿ ಮುಂದೆ ಕೂತಿದ್ದರು. ಓಣಿಯವರು ಆಗಲೇ ಬಂದು ಹೇಳಿದ್ದರು. ಮಾವ ತೆಲುಗು ಚಾನೆಲ್ಲು ಹಾಕಿದರು, ಅಲ್ಲಿ ಸಿನಿಮಾದವರ ಮದುವೆ. ಕನ್ನಡ ಹಾಕಿದರು, ಅಲ್ಲಿ ರಾಶಿಭವಿಷ್ಯ.

"ಮಾವ, ಏಳ್ರಿ. ವ್ಯಾನು ಬತ್ತಾ ಐತೆ" ಎಂದೆ.

"ಟೀವಿ ಹೇಳಿಲ್ಲ."

"ನಿಮ್ಮ ಮಗಳು ಹೇಳ್ತಾ ಅವ್ಳೆ, ನೋಡ್ರಿ."

ಮಾವ ನನ್ನ ಫೋನಿನತ್ತ ನೋಡಿ ಮುಖ ತಿರುಗಿಸಿದರು. "ಹೋದ್ ಸಲನೂ ಹಿಂಗ ಚಿತ್ರ ತೋರಿಸಿದ್ರು. ಅಜ್ಜಾರು ಜೀವಂತ ಇರೋವಾಗ ಎರಡನೇ ಸಲ ನಾ ಆ ಕಂಬಳಿ ಹೊರಾಂಗಿಲ್ಲವ್ವಾ. ಹಕ್ಕು ಹೋದ್ರ ಹೋಗ್ಲಿ" ಎಂದರು. ಹಕ್ಕು ಹೋದರೆ ಹೋಗಲಿ ಎಂದ ಮನುಷ್ಯ, ಹಕ್ಕು ಹೋದರೆ ಉಳಿಯುವವರಾಗಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾದಿನಿಗೆ ಫೋನು ಮಾಡಿದರೆ ಲೈವಿನಲ್ಲಿದ್ದವಳು ಎತ್ತಲಿಲ್ಲ. ಮಠದ ಫೋನಂತೂ ಸಿಗುವ ಮಾತೇ ಇಲ್ಲ. ಕೊನೆಗೆ ಅವಳ ಲೈವಿನ ಕೆಳಗೆ, ದೇವರ ಹೆಸರು ಬರೆಯುತ್ತಿದ್ದ ನೂರಾರು ಜನರ ನಡುವೆ, ನಾನೂ ಬರೆದೆ: ನಿಮ್ಮಪ್ಪ ನಂಬುತ್ತಿಲ್ಲ, ಟೀವಿಗೆ ಕಾಯ್ತಾ ಕೂತವ್ರೆ.

ಇಲ್ಲಿ ಒಂದು ವಿಷಯ ಹೇಳಬೇಕು. ಗುರುಗಳು ತೀರಿಹೋದರು ಎಂದು ಕಂಬಳಿಯ ಮನೆಗೆ ನೇರವಾಗಿ ಹೇಳುವ ಪದ್ಧತಿ ಇಲ್ಲ. ಅದಕ್ಕೆಂದೇ ಇದ್ದ ಒಂದು ಮನೆತನದ ಗಂಡಸು ಮಠದಿಂದ ಬಂದು, ಹೊಸ್ತಿಲ ಹೊರಗೆ ನಿಂತು, ಅಜ್ಜಾರು ಕಂಬಳಿ ಕೇಳ್ಯಾರ ಎಂದಷ್ಟೇ ಹೇಳಿ ನೀರೂ ಕುಡಿಯದೆ ಹಿಂದಿರುಗಬೇಕು. ಆ ಮಾತನ್ನು ಸುಳ್ಳಾಗಿ ಆಡಿದ ನಾಲಿಗೆಗೆ ಹುಳ ಬೀಳುತ್ತದೆಂದು ನಮ್ಮ ಮನೆಯ ಮಕ್ಕಳು ಆಟದಲ್ಲೂ ಆಡುವುದಿಲ್ಲ. ಸುದ್ದಿ ತರುವ ಆ ಮನೆತನದವರು ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಹೋಗಿ ಅಲ್ಲೇ ನೆಲೆನಿಂತು ವರ್ಷಗಳಾಗಿದ್ದವು. ಆ ಜಾಗಕ್ಕೆ ಇನ್ನೊಬ್ಬರನ್ನು ಯಾರೂ ಗೊತ್ತುಮಾಡಿರಲಿಲ್ಲ.

ಫೋನಿನಲ್ಲಿ ನಾದಿನಿ ಬಗ್ಗಿ ಏನನ್ನೋ ಓದುತ್ತಿದ್ದಳು. ಆಮೇಲೆ ಅವಳು ಸೆರಗನ್ನು ಸರಿಯಾಗಿ ಹೊದ್ದುಕೊಂಡು, ಕಾಲಿನ ಚಪ್ಪಲಿ ಕಳಚಿ ಬದಿಗೆ ಸರಿಸಿ, ಫೋನನ್ನು ಮುಖದೆದುರು ನೇರ ಹಿಡಿದಳು. ಪೇಜಿನಲ್ಲಿ ಆಡುವ ನಾಜೂಕಿನ ಕನ್ನಡ ಎಲ್ಲಿ ಹೋಯಿತೋ.

"ಅಪ್ಪಾ, ನಾನು. ಅಜ್ಜಾರು ಕಂಬಳಿ ಕೇಳ್ಯಾರ."

ಅಷ್ಟೇ ಹೇಳಿದಳು. ಲೋಕವೆಲ್ಲ ನೋಡುತ್ತಿತ್ತು, ಆದರೆ ಅದು ಏನೆಂದು ತಿಳಿದದ್ದು ಒಂದೇ ಮನೆಗೆ. ಹೆಣ್ಣೊಬ್ಬಳು ಆ ಮಾತನ್ನು ಆಡಿದ್ದು ನಮ್ಮ ಕಡೆ ಅದೇ ಮೊದಲು. ಮಾವ ಎದ್ದು ನಿಂತರು. ಪಂಚೆ ಬಿಗಿದು ಕಟ್ಟಿದರು. "ಏಣಿ ಹಿಡಿಯವ್ವಾ" ಎಂದರು.

ಟೀವಿ ಆರಿಸುವುದು ಯಾರಿಗೂ ನೆನಪಾಗಲಿಲ್ಲ. ರಾಶಿಭವಿಷ್ಯದವರು ಖಾಲಿ ಮನೆಗೆ ಭವಿಷ್ಯ ಹೇಳುತ್ತಿದ್ದರು.

ಪ್ಯಾಂಟಿನ ವ್ಯಾನಿನಲ್ಲಿ ಕಲ್ಯಾಣದುರ್ಗ ದಾಟಿ, ಕುಂದುರ್ಪಿಯ ಮೇಲೆ ಅಮರಾಪುರದ ಕಡೆಗೆ ಹೋದೆವು. ಮಾವ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಮ್ಮೆ, ಕಡಲೆಕಾಯಿ ಕಿತ್ತ ಬಯಲುಗಳನ್ನು ನೋಡುತ್ತಾ, "ಆಕಿ ಇನ್ನಾ ತೋರಸಕತ್ತಾಳೇನು?" ಎಂದು ಕೇಳಿದರು. ನಾನು ಫೋನು ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಠ ಬರುವವರೆಗೂ ಮಗಳನ್ನು ನೋಡಿದರು.

ಮಠದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಂಡಿ ಸಿದ್ಧವಾಗಿತ್ತು. ಪಕ್ಕದಲ್ಲಿ ಆ ಊರಿನ ಮನೆಯವರು ತಮ್ಮ ಕಂಬಳಿಯ ಮಡಿಕೆ ಬಿಚ್ಚಿ ನಿಂತಿದ್ದರು. ಹಿರಿಯರು ಸೂರ್ಯನನ್ನೊಮ್ಮೆ ದಾರಿಯನ್ನೊಮ್ಮೆ ನೋಡುತ್ತಿದ್ದರು. "ಕಂಬಳಿ ಬಂತ್ರೀ, ದಾರಿ ಬಿಡ್ರಿ" ಎಂದು ನನ್ನ ಗಂಡ ಕೂಗಿದ್ದಕ್ಕೆ ಜನ ಇಬ್ಭಾಗವಾಯಿತು. ಮಾವ ಗುಂಡಿಗೆ ಇಳಿದು, ತಾವೇ ನೇಯ್ದದ್ದನ್ನು ತಾವೇ ಹಾಸಿ, ಅಂಗೈಯಲ್ಲಿ ಸುಕ್ಕು ತೆಗೆದರು. ಗುರುಗಳನ್ನು ಅದರ ಮೇಲೆ ಕೂರಿಸಿದರು. ನಾನು ಅತ್ತೆ. ದುಃಖಕ್ಕೆ ಅತ್ತೆನೋ ಹಕ್ಕು ಉಳಿಯಿತೆಂದು ಅತ್ತೆನೋ, ಎರಡಕ್ಕೂ ಅತ್ತೆ ಎಂದೇ ಇಟ್ಟುಕೊಳ್ಳಿ.

ಸಮಾಧಿ ಮುಚ್ಚಿದ ಮೇಲೆ ಎಲ್ಲರೂ ಮೈಮೇಲೆ ನೀರು ಹಾಕಿಕೊಂಡು ಪ್ರಸಾದಕ್ಕೆ ಕೂರಬೇಕು. ಅಲ್ಲೂ ಒಂದು ರೂಢಿ ಇದೆ. ಕಂಬಳಿ ತಂದವರೂ ಕಂಬಳಿಯ ಮನೆಗೆ ಸುದ್ದಿ ತಂದವರೂ ಪಕ್ಕಪಕ್ಕ ಕೂತು ಮೊದಲ ತುತ್ತು ಉಂಡ ಮೇಲೆಯೇ ಉಳಿದವರಿಗೆ ಅನ್ನ. ಮಾವ ಕೂತರು. ಪಕ್ಕದ ಎಲೆ ಖಾಲಿ ಇತ್ತು.

"ನಿಮಗೆ ಸುದ್ದಿ ತಂದೋರು ಯಾರಪ್ಪಾ? ಸುದ್ದಿ ತರೋ ಮನೆಯೋರು ಬೆಂಗಳೂರಾಗೆ ಅವ್ರಲ್ಲ" ಎಂದು ಹಿರಿಯರು ಕೇಳಿದರು.

"ನನ್ ಮಗಳು ತಂದಾಳ್ರಿ."

"ಹೆಣ್ಣುಮಕ್ಕಳು ಈ ಎಲೆಗೆ ಕೂತಿದ್ದಿಲ್ಲವಲ್ಲ" ಎಂದರು ಹಿರಿಯರು.

"ಹೆಣ್ಣುಮಕ್ಕಳು ಆ ಮಾತೂ ಆಡಿದ್ದಿಲ್ರಿ" ಎಂದರು ಮಾವ. ದನಿ ಏರಿಸಲಿಲ್ಲ. "ಆಕಿ ಉಣ್ಣದ ನಾ ಉಣ್ಣಂಗಿಲ್ಲ. ನಾ ಉಣ್ಣದ ಇಲ್ಲಿ ಯಾರೂ ಉಣ್ಣಂಗಿಲ್ಲ. ನಿಮ್ಮಿಷ್ಟ."

ಪಂಕ್ತಿಯಲ್ಲಿ ಕೂತ ಅಷ್ಟೂ ಜನ ಖಾಲಿ ಎಲೆ ಮುಂದಿಟ್ಟುಕೊಂಡು ಹಿರಿಯರನ್ನೇ ನೋಡಿದರು. ಹಸಿದ ಜನದ ಮುಂದೆ ಎಂಥ ಶಾಸ್ತ್ರವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಿರಿಯರು ನಾದಿನಿಯ ಕಡೆ ತಿರುಗಿ, "ಬಾರಮ್ಮ, ಕೂತ್ಕೊ" ಎಂದರು. ಬೆಳಗಿನಿಂದ ನಿಂತೇ ಇದ್ದವಳು ಫೋನನ್ನು ನನ್ನ ಕೈಗಿಟ್ಟು, ಕೈಕಾಲು ತೊಳೆದು ಬಂದು ಅಪ್ಪನ ಪಕ್ಕ ಕೂತಳು. ಮಾವ ತಮ್ಮ ಎಲೆಯ ಅನ್ನದಲ್ಲಿ ಒಂದು ಹಿಡಿ ತೆಗೆದು ಮಗಳ ಎಲೆಗೆ ಹಾಕಿದರು. ಅವಳ ಲೈವ್ ಇನ್ನೂ ನಡೆದಿತ್ತು. ಅದನ್ನು ನಾನೇ ತೋರಿಸಿದೆ, ಕೈ ಅಲುಗಾಡಿದ್ದಕ್ಕೆ ಆಮೇಲೆ ಬೈಸಿಕೊಂಡೆ.

ಟೀವಿಯವರ ವ್ಯಾನು ಬಂದಾಗ ನಾವು ಉಂಡು ಕೈ ತೊಳೆಯುತ್ತಿದ್ದೆವು.