ಸೊಟ್ಟ ಮೂಲೆಯ ಸಮೋಸ

ಒಳ್ಳೆಯ ದಿನವನ್ನು ನಾನು ನಂಬುವುದಿಲ್ಲ. ಬೆಳಗ್ಗೆ ಎದ್ದಾಗ ಬೆರಳು ತಾನಾಗಿ ಮಡಚಿ ಬಿಚ್ಚಿದರೆ, ಮೊಣಕಾಲು ತಕರಾರು ಮಾಡದೆ ನೆಲಕ್ಕೆ ಇಳಿದರೆ, ಇದು ಎಂತದೋ ಕಿತ್ತುಕೊಂಡು ಹೋಗಲು ಬಂದಿದೆ ಎಂದೇ ನನ್ನ ಲೆಕ್ಕ. ಕೆಟ್ಟ ದಿನ ಹಾಗಲ್ಲ. ಅದು ಮುಖ ಗಂಟು ಹಾಕಿಕೊಂಡೇ ಬರುತ್ತದೆ, ಏನು ಮಾಡುತ್ತೇನೆಂದು ಹೇಳಿಯೇ ಮಾಡುತ್ತದೆ. ಒಳ್ಳೆಯ ದಿನ ನಗುತ್ತಾ ಬರುತ್ತದೆ. ಮನೆಯೆಲ್ಲ ಗುಡಿಸುವ ಹಾಗೆ ಮಾಡುತ್ತದೆ, ಬೆಡ್‌ಶೀಟ್ ಒಗೆಸುತ್ತದೆ. ಮಾರನೇ ದಿನ ನೀರಿನ ಲೋಟ ಎತ್ತಲಿಕ್ಕೂ ಎರಡೂ ಅಂಗೈ ಬೇಕು.

ನಾವು ಇರುವುದು ತಾಯಿಫ್‌ನಲ್ಲಿ. ಸೌದಿ ಎಂದರೆ ಬರೀ ಬಿಸಿಲು ಎಂದುಕೊಂಡವರು ಇಲ್ಲಿಗೆ ಚಳಿಗಾಲದಲ್ಲಿ ಬಂದು ನೋಡಬೇಕು. ಬೆಟ್ಟದ ಊರು. ಮದುವೆಯಾಗಿ ಬಂದಾಗ ಈ ತಂಪು ಸುಖ ಅನಿಸುತ್ತಿತ್ತು. ಈಗ ಇದೇ ತಂಪು ಗಂಟುಗಂಟಿಗೆ ನುಗ್ಗುತ್ತದೆ. ಯಜಮಾನರದ್ದು ಆಸ್ಪತ್ರೆ ರಸ್ತೆಯಲ್ಲಿ ಒಂದು ಬೂಫಿಯಾ, ಚಹಾ, ಸ್ಯಾಂಡ್‌ವಿಚ್, ಮೊಟ್ಟೆ ಮಾಡಿಕೊಡುವ ಸಣ್ಣ ಅಂಗಡಿ. ಮಗ ಜುಬೈಲಿನ ಕಂಪೆನಿಯಲ್ಲಿ. ಸೊಸೆಗೆ ಇಲ್ಲಿಯ ಶಾಲೆಯಲ್ಲಿ ಟೀಚರ್ ಕೆಲಸ, ಹಾಗಾಗಿ ಅವಳು ನಮ್ಮೊಟ್ಟಿಗೆ. ನಾನು ಊರಿನಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಓದಲಿಕ್ಕೆ ಬರುತ್ತದೆ, ಬರೆಯಲಿಕ್ಕೂ ಬರುತ್ತದೆ, ತಪ್ಪು ಎಷ್ಟು ಎಂದು ಕೇಳಬಾರದು.

ಕಾಯಿಲೆ ಏನೆಂದು ಹೇಳಿದವಳು ಒಬ್ಬ ಮಿಸ್ರಿ ಡಾಕ್ಟರಮ್ಮ, ಈಜಿಪ್ಟಿನವಳು. ತರಕಾರಿ ಚೌಕಾಸಿ ಮಾಡುವ ಅರಬಿ ನನಗೆ ಬರುತ್ತದೆ, ಕಾಯಿಲೆಯ ಅರಬಿ ಬರುವುದಿಲ್ಲ. ಅವಳು ಹೇಳಿದ್ದನ್ನು ಸೊಸೆ ತಿರುಗಿಸಿ ಹೇಳಿದಳು. "ಮೈಯನ್ನು ಕಾಯುವ ಪಡೆ ಇರ್ತದಲ್ಲಾ ಮಾಮಿ, ಅದು ಮನೆಯವರನ್ನೇ ಕಳ್ಳರು ಅಂತ ಗ್ರಹಿಸಿ ಹೊಡೀತಾ ಉಂಟಂತೆ. ಅದಕ್ಕೇ ಗಂಟು ಊದಿಕೊಳ್ಳುದು."

ಅದು ನನಗೆ ಸರಿಯಾಗಿ ಅರ್ಥವಾಯಿತು. ಸಂಶಯ ಹೆಚ್ಚಾದ ಕಾವಲುಗಾರ. ನಾನೂ ಅದೇ ಜಾತಿಯವಳು.

"ಮನಸ್ಸು ಹೇಗುಂಟು ಅಂತ ಕೇಳ್ತಾರೆ," ಎಂದಳು ಸೊಸೆ.

"ಮನಸ್ಸಿಗೆ ಎಂತ? ನಾನು ಕೈ ತೋರಿಸ್ಲಿಕ್ಕೆ ಬಂದದ್ದು."

"ಬೇಜಾರು ಆಗ್ತದಾ, ಅಳು ಬರ್ತದಾ ಅಂತ."

"ಇಲ್ಲ ಹೇಳು. ಸಿಟ್ಟು ಬರ್ತದೆ ಹೇಳು."

ಸೊಸೆ ಹೇಳಿದಳು. ಡಾಕ್ಟರಮ್ಮ ನಕ್ಕು ಏನೋ ಉತ್ತರ ಕೊಟ್ಟಳು. ಸಿಟ್ಟೂ ಒಂದು ಕೆಲಸವಂತೆ, ಅದರಿಂದಲೂ ಆಯಾಸವಾಗುತ್ತದಂತೆ, ಅದನ್ನೂ ಸ್ವಲ್ಪ ಸ್ವಲ್ಪವೇ ಮಾಡಬೇಕಂತೆ. ನಗುವ ಡಾಕ್ಟರನ್ನು ನಂಬುವುದು ನನಗೆ ಕಷ್ಟ. ಮನಸ್ಸಿನ ಮಾತ್ರೆ ಬರೆಯಲು ದಾರಿ ಹುಡುಕುತ್ತಿದ್ದಾಳೆ ಎಂದುಕೊಂಡು ಅವಳ ಪೆನ್ನನ್ನೇ ನೋಡುತ್ತಾ ಕೂತೆ. ಅವಳು ಬರೆಯಲಿಲ್ಲ. ಬರೆದದ್ದು ಕೈಕಾಲಿನ ಮಾತ್ರೆ ಮಾತ್ರ. ಬಾಯಲ್ಲಿ ಎರಡು ಮಾತು ಹೇಳಿದಳು. ಒಂದು, ಯಾವ ಕೆಲಸವಾದರೂ ಅರ್ಧಕ್ಕೆ ನಿಲ್ಲಿಸಬೇಕು, ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ. ಒಳ್ಳೆಯ ದಿನ ಇನ್ನೂ ಜಾಗ್ರತೆ. ಎರಡು, ಮಾತ್ರೆ ಹೊಟ್ಟೆಗೆ ಆಹಾರ ಬಿದ್ದ ಮೇಲೆ ತಿನ್ನುವುದು, ರಂಜಾನಿನಲ್ಲಿ ಈ ಸಲ ಉಪವಾಸ ಬೇಡ.

ಮೊದಲನೇ ಮಾತು ಕೆಲಸದ ಕಳ್ಳಿಯರಿಗೆ ಹೇಳಿ ಮಾಡಿಸಿದ ಹಾಗಿತ್ತು. ಎರಡನೇ ಮಾತನ್ನು ಒಪ್ಪಲಿಕ್ಕೆ ನನ್ನಿಂದ ಆಗಲಿಲ್ಲ.

ಸಣ್ಣವಳಿರುವಾಗಿನಿಂದ ಉಪವಾಸ ಹಿಡಿದವಳು ನಾನು. ಕಾಯಿಲೆಯವರಿಗೆ ಬಿಡುವ ರಿಯಾಯಿತಿ ಉಂಟು, ಬದಲಿಗೆ ಬಡವರಿಗೆ ಊಟ ಕೊಟ್ಟರೆ ಆಯಿತು. ಅದನ್ನು ಯಜಮಾನರು ಕೊಟ್ಟರು. ಆದರೆ ಅದು ಅವರ ಜೇಬಿನಿಂದ ಹೋದದ್ದು. ನನ್ನ ಮೈಯಿಂದ ಏನು ಹೋಯಿತು? ನಮ್ಮ ಬೀದಿಯ ಮಸೀದಿಯಲ್ಲಿ ರಂಜಾನಿನ ಸಂಜೆ ಉದ್ದಕ್ಕೆ ಪ್ಲಾಸ್ಟಿಕ್ ಹಾಸು ಹಾಸಿ ಕೂಲಿಯವರಿಗೆ ಉಪವಾಸ ಬಿಡಿಸುತ್ತಾರೆ. ಈ ಸಲ ದಿನವೂ ಅಲ್ಲಿಗೆ ಒಂದು ತಟ್ಟೆ ಸಮೋಸ ಹೋಗಬೇಕು, ಅದನ್ನು ನಾನೇ ಮಡಚಬೇಕು ಎಂದು ನಿಯ್ಯತ್ತು ಮಾಡಿದೆ. ನಿಯ್ಯತ್ತು ಎಂದರೆ ಮನಸ್ಸಿನಲ್ಲಿ ಅಲ್ಲಾಹನಿಗೆ ಕೊಟ್ಟ ಮಾತು. ಉಪವಾಸ ಹಿಡಿಯಲಾಗದ ಮೈ ಉಪವಾಸದವರಿಗೆ ಅಷ್ಟಾದರೂ ಮಾಡಲಿ. ಮನೆಯವರಿಗೂ ಹೇಳಿದೆ.

ರಂಜಾನಿಗೆ ಒಂದು ತಿಂಗಳು ಮೊದಲೇ ಶುರು ಮಾಡಿದೆ. ಖೀಮಾ ಬೇಯಿಸುವುದು, ಈರುಳ್ಳಿ ಹೆಚ್ಚುವುದು ಸೊಸೆಯ ಪಾಲು. ಪೇಟೆಯಿಂದ ಕಟ್ಟು ಕಟ್ಟಾಗಿ ತಂದ ತೆಳು ಮೈದಾ ಪಟ್ಟಿಯಲ್ಲಿ ತುಂಬಿ ಮಡಚಿ ಮೈದಾ ಅಂಟಿನಿಂದ ಬಾಯಿ ಮುಚ್ಚುವುದು ನನ್ನ ಪಾಲು. ಮಡಚಿದ್ದನ್ನು ಫ್ರೀಜರಿನ ದೊಡ್ಡ ಡಬ್ಬಿಯಲ್ಲಿ ಜೋಡಿಸಿ, ಪ್ರತಿ ಪದರದ ಮೇಲೆ ಪ್ಲಾಸ್ಟಿಕ್ ಹಾಳೆ. ಡಾಕ್ಟರಮ್ಮನ ಮಾತನ್ನು ಪರೀಕ್ಷೆ ಮಾಡೋಣ ಎಂದುಕೊಂಡೆ. ಪಟ್ಟಿಯ ಕಟ್ಟು ಅರ್ಧ ಆದ ಕೂಡಲೇ ಉಳಿದದ್ದಕ್ಕೆ ಒದ್ದೆ ಬಟ್ಟೆ ಮುಚ್ಚಿ ಎದ್ದುಬಿಡುವುದು. ಹೀಗೆ ಮಾಡಿಯೂ ರಂಜಾನಿಗೆ ಡಬ್ಬಿ ತುಂಬಿದರೆ ಅವಳು ಹೇಳಿದ್ದು ಸರಿ. ತುಂಬದಿದ್ದರೆ ಅವಳ ಮಾತು ಬಿಟ್ಟು ನನ್ನ ದಾರಿ ನನಗೆ.

ಶುರುವಿನ ದಿನಗಳಲ್ಲಿ ನಾನು ಮಡಚಿದ್ದು ನೋಡಲು ಚಂದವಿರಲಿಲ್ಲ. ಬಲಗೈ ಹೆಬ್ಬೆರಳಿಗೆ ಒತ್ತುವ ಶಕ್ತಿ ಇಲ್ಲ. ಕೊನೆಯ ಮಡಿಕೆ ಜಾರಿ ಒಂದು ಮೂಲೆ ಸೊಟ್ಟಗೆ ನಿಲ್ಲುತ್ತಿತ್ತು. ಅರ್ಧಕ್ಕೆ ಎದ್ದು ಕುರ್ಚಿಯಲ್ಲಿ ಕೂತು ಡಬ್ಬಿಯನ್ನೇ ನೋಡುತ್ತಿದ್ದೆ. ಆದರೂ ಡಬ್ಬಿ ಏರುತ್ತಾ ಬಂತು. ನಾನು ಗ್ರಹಿಸಿದ್ದಕ್ಕಿಂತ ಬೇಗ ಏರಿತು.

"ಆ ಮಿಸ್ರಿ ಹೇಳಿದ್ದು ಸುಳ್ಳಲ್ಲ ಮೋಳೆ. ಅರ್ಧ ಅರ್ಧ ಮಾಡಿದರೂ ತುಂಬ್ತದೆ," ಎಂದು ಸೊಸೆಗೆ ಹೇಳಿದೆ.

"ನಾನು ಹೇಳ್ಲಿಲ್ವಾ ಮಾಮಿ," ಎಂದಳು.

ಆಮೇಲೆ ಒಂದು ಒಳ್ಳೆಯ ದಿನ ಬಂತು. ಹೆಬ್ಬೆರಳು ಹೇಳಿದ ಮಾತು ಕೇಳಿತು. ಅಂದು ಮಡಚಿದ ಒಂದೊಂದು ಸಮೋಸವೂ ಚೂಪು ಮೂಲೆ, ಹಿಂದಿನ ಕಾಲದ್ದರ ಹಾಗೆ. ಪೂರ್ತಿ ಕಟ್ಟು ಮುಗಿಸುವ ಆಸೆಯಾಯಿತು, ಆಸೆಯಾದದ್ದಕ್ಕೇ ಸಂಶಯ ಬಂದು ಎದ್ದುಬಿಟ್ಟೆ. ಮೇಲಿನ ಪದರದಲ್ಲಿ ನಾನೇ ಜೋಡಿಸಿ, ಸ್ವಲ್ಪ ನೋಡಿ, ಮುಚ್ಚಿದೆ. ಮಾರನೇ ದಿನ ಡಬ್ಬಿ ತೆಗೆದರೆ ಆ ಚೂಪು ಮೂಲೆಗಳ ನಡುವೆ ಸೊಟ್ಟ ಮೂಲೆಯವು ಕೂತಿವೆ. ನಿನ್ನೆ ನಾನು ಸೊಟ್ಟಗೆ ಒಂದನ್ನೂ ಮಡಚಿರಲಿಲ್ಲ.

ಡಬ್ಬಿಯಿಂದ ಯಾರೋ ತೆಗೆದಿದ್ದಾರೆ ಎಂದರೆ ತಿಂದರು ಅನ್ನಬಹುದಿತ್ತು. ಇದು ಯಾರೋ ಹಾಕಿದ್ದಾರೆ. ಅದೂ ನನ್ನ ಕೈ ಸೋತಾಗ ಬರುವ ಸೊಟ್ಟನ್ನೇ ನೋಡಿ ನಕಲು ಮಾಡಿ ಹಾಕಿದ್ದಾರೆ.

ಸಂಶಯ ಮೊದಲು ಸೊಸೆಯ ಮೇಲೆ ಹೋಯಿತು. ಶಾಲೆಯಿಂದ ಬಂದು ಚಪ್ಪಲಿ ಬಿಚ್ಚುವ ಮೊದಲೇ ಹಿಡಿದೆ.

"ಡಬ್ಬಿಗೆ ಕೈ ಹಾಕಿದ್ದು ನೀನಾ?"

"ಯಾವ ಡಬ್ಬಿ?"

"ನಾಟಕ ಬೇಡ. ಸಮೋಸದ್ದು."

"ಕಡಿಮೆ ಆಗಿದೆಯಾ?"

"ಜಾಸ್ತಿ ಆಗಿದೆ."

ಅವಳು ಬ್ಯಾಗನ್ನು ಹೆಗಲಿಂದ ಇಳಿಸದೆ ನನ್ನನ್ನೇ ನೋಡಿದಳು. "ಮಾಮಿ, ಕಡಿಮೆ ಆದ್ರೆ ಕಳ್ಳ ಬಂದ ಅಂತ ಹೇಳ್ಬಹುದು. ಜಾಸ್ತಿ ಆದ್ರೆ ಯಾರಿಗೆ ಕಂಪ್ಲೇಂಟ್ ಕೊಡುದು? ಮತ್ತೆ ನಾನು ಮಡಚಿದ್ದು ಎಣ್ಣೆಗೆ ಬಿದ್ದ ಕೂಡ್ಲೆ ಬಾಯಿ ಬಿಡ್ತದೆ. ನಿಮಗೆ ಗೊತ್ತುಂಟಲ್ಲಾ."

ಅದು ನಿಜ. ಅವಳ ಸಮೋಸ ಎಣ್ಣೆಯಲ್ಲಿ ಖೀಮಾ ಕಕ್ಕುವುದನ್ನು ನಾನೇ ಕಂಡಿದ್ದೇನೆ. ಆದರೆ ಕಲಿತಿರಬಹುದು. ಕಲಿತದ್ದನ್ನು ಮುಚ್ಚಿಟ್ಟಿರಬಹುದು. ಆ ರಾತ್ರಿ ಊಟಕ್ಕೆ ಕೂತಾಗ ಅವಳ ಬೆರಳಿನಲ್ಲಿ ಮೈದಾ ಒಣಗಿದೆಯೇ ಎಂದು ನೋಡಿದೆ. ಇರಲಿಲ್ಲ. ಯಜಮಾನರ ಬೆರಳನ್ನು ನೋಡಬೇಕೆಂದು ಹೊಳೆಯಲೇ ಇಲ್ಲ. ದಿನವೆಲ್ಲ ಅಂಗಡಿಯಲ್ಲಿ ರೊಟ್ಟಿಗೆ ಮೊಟ್ಟೆ ತುಂಬಿಸುವವರು ಮನೆಯಲ್ಲಿ ಒಂದು ಲೋಟ ತೊಳೆದದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನದ ನಮಾಜಿಗೆ ಅವರು ಅಂಗಡಿ ಮುಚ್ಚಿ ಮನೆಗೆ ಬರುತ್ತಾರೆ. ಊಟ ಮಾಡಿ ಸಂಜೆಯ ಅಸರ್ ಬಾಂಗಿನವರೆಗೆ ಮಲಗುತ್ತಾರೆ. ನಾನೂ ಆ ಹೊತ್ತಿಗೆ ಮಾತ್ರೆ ತಿಂದು ಬೀಳುತ್ತೇನೆ. ಹಗಲು ನನ್ನ ಕಣ್ಣು ಮುಚ್ಚಿರುವ ಹೊತ್ತು ಅದೊಂದೇ. ಹಾಗಾಗಿ ಒಂದು ದಿನ ಮುಚ್ಚಿದ ಹಾಗೆ ಮಾಡಿದೆ, ಸಣ್ಣಗೆ ಗೊರಕೆಯನ್ನೂ ಹೊಡೆದೆ. ಪಕ್ಕದ ಮಂಚ ಕಿರ್ ಎಂದಿತು. ಸ್ವಲ್ಪ ಹೊತ್ತಿಗೆ ಫ್ರೀಜರಿನ ಬಾಗಿಲು ಬಿಟ್ಟ ಸದ್ದು.

ನಾನು ಎದ್ದು, ಗೋಡೆ ಹಿಡಿದುಕೊಂಡು ಹೋದೆ. ಲುಂಗಿ ಸುತ್ತಿಕೊಂಡು, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಊಟದ ಮೇಜಿನ ಎದುರು ಕೂತಿದ್ದರು. ನಾನು ಒದ್ದೆ ಬಟ್ಟೆ ಮುಚ್ಚಿ ಇಟ್ಟ ಪಟ್ಟಿ ಅವರ ಕೈಯಲ್ಲಿ. ಡಬ್ಬಿಯನ್ನೇ ನೋಡುತ್ತಿದ್ದ ನಾನು ಪಟ್ಟಿ ಎಷ್ಟು ಉಳಿಯಿತೆಂದು ಎಣಿಸಿರಲೇ ಇಲ್ಲ. ಎದುರಿಗೆ ಮಾದರಿಗೆಂದು ನನ್ನದೊಂದು ಸೊಟ್ಟ ಸಮೋಸ. ತಾವು ಮಡಚಿದ್ದನ್ನು ಅದರ ಪಕ್ಕ ಹಿಡಿದು, ಮೂಲೆಯನ್ನು ಎಳೆದು ಓರೆ ಮಾಡುತ್ತಿದ್ದರು.

"ಎಂತ ಇದು?"

ತಲೆ ಎತ್ತಲಿಲ್ಲ. "ಕಾಣುದಿಲ್ವಾ."

"ಯಾರು ಹೇಳಿದ್ದು ಮಾಡ್ಲಿಕ್ಕೆ? ಸೊಸೆಯಾ?"

"ಯಾರೂ ಇಲ್ಲ. ನೀನು ಅರ್ಧಕ್ಕೆ ಎದ್ದು ಡಬ್ಬಿ ನೋಡ್ತಾ ಕೂರ್ತಿದ್ದೆ. ಮುಖ ಹೀಗೆ ಮಾಡಿಕೊಂಡು. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ."

"ಮೂಲೆ ಯಾಕೆ ಎಳೆಯುದು?"

"ನಿನ್ನದರ ಹಾಗೆ ಆಗ್ಬೇಡ್ವಾ? ಅದೇ ಕಷ್ಟ ಮಾರಾಯ್ತಿ. ಎಷ್ಟು ಮಾಡಿದ್ರೂ ನನ್ನದು ನೇರ ಬರ್ತದೆ. ನೀನು ಹೇಗೆ ಅಷ್ಟು ಸರಿಯಾಗಿ ಸೊಟ್ಟ ಮಾಡ್ತಿ ಅಂತ ಗೊತ್ತಾಗುದಿಲ್ಲ."

"ಅದು ಮಾಡಿದ್ದಲ್ಲ. ಅದು ಕೈ ಸೋತದ್ದು."

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನಾನು ಅದು ನಿನ್ನ ಹೊಸ ಡಿಸೈನ್ ಅಂತ ಗ್ರಹಿಸಿದ್ದು."

ನಗು ಬರಬೇಕಿತ್ತು, ಬರಲಿಲ್ಲ. ಕುರ್ಚಿ ಎಳೆದು ಕೂತೆ. "ಇದು ನನ್ನ ನಿಯ್ಯತ್ತು. ಉಪವಾಸ ಕೈಬಿಟ್ಟು ಹೋಯ್ತು. ಇದೊಂದು ಇತ್ತು. ಇದರಲ್ಲೂ ನಿಮ್ಮ ಕೈ ಸೇರಿತು. ಮತ್ತೆ ಆ ಡಾಕ್ಟರನ್ನು ನಾನು ನಂಬಿದ್ದು ಈ ಡಬ್ಬಿ ನೋಡಿ. ಡಬ್ಬಿಯೇ ಸುಳ್ಳು."

"ಈರುಳ್ಳಿ ಹೆಚ್ಚಿದ್ದು ಸೊಸೆ. ಅದು ಯಾರ ನಿಯ್ಯತ್ತು?"

"ಈರುಳ್ಳಿ ಬಗ್ಗೆ ನಾನು ಮಾತು ಕೊಡ್ಲಿಲ್ಲ. ಮಡಚುದು ನಾನು ಅಂತ ಕೊಟ್ಟದ್ದು."

ಅವರು ಕೈಯಲ್ಲಿದ್ದ ಪಟ್ಟಿಗೆ ಮತ್ತೆ ಒದ್ದೆ ಬಟ್ಟೆ ಮುಚ್ಚಿದರು. "ಅದು ನನ್ನ ತಲೆಗೆ ಹೋಗ್ಲಿಲ್ಲ," ಎಂದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಕಡಿಮೆ. ಅದನ್ನೂ ನಾನು ಸ್ವಲ್ಪ ಸಂಶಯದಿಂದಲೇ ಕೇಳಿದೆ.

ಸೊಸೆ ಬಂದ ಮೇಲೆ ಡಬ್ಬಿಯನ್ನು ಮೇಜಿನ ಮೇಲೆ ತಂದಿಟ್ಟು ಪದರ ಪದರ ಬಿಡಿಸಿದೆವು. ನನ್ನದು ಒಂದು ಕಡೆ, ಅವರದ್ದು ಒಂದು ಕಡೆ ಮಾಡುವುದೆಂದು. ಮೂಲೆ ಎಳೆದು ಓರೆ ಮಾಡದೆ ಅವರು ಒಂದನ್ನೂ ಡಬ್ಬಿಗೆ ಹಾಕಿರಲಿಲ್ಲ, ಹಾಗಾಗಿ ಚೂಪು ಮೂಲೆಯದ್ದು ನನ್ನದು, ಅದರಲ್ಲಿ ಜಗಳವಿಲ್ಲ. ಕಷ್ಟ ಸೊಟ್ಟದ್ದರಲ್ಲಿ. ಒಂದನ್ನು ಎತ್ತಿ ಅವರಿಗೆ ಕೊಟ್ಟೆ.

"ಇದು ನಿಮ್ಮದಾ, ನನ್ನದಾ?"

ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಗೊತ್ತಾಗುದಿಲ್ಲ."

ನನಗೂ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ನಕಲು ಮಾಡಿದ್ದರು.

ಸೊಸೆ ಖಾಲಿಯಾದ ಪ್ಲಾಸ್ಟಿಕ್ ಹಾಳೆಗಳನ್ನು ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಮಾಮಿ, ಅಡಿಯ ಪದರದಲ್ಲಿ ನೇರ ಇದ್ದದ್ದು ಒಂದೂ ಇಲ್ಲ. ಮಧ್ಯದಲ್ಲಿ ಅಲ್ಲೊಂದು ಇಲ್ಲೊಂದು. ಮೇಲೆ ಬರ್ತಾ ಬರ್ತಾ ಜಾಸ್ತಿ ಉಂಟು."

"ಚಳಿ ಕಡಿಮೆ ಆಗಿರ್ಬೇಕು."

"ಎಲ್ಲಿ ಕಡಿಮೆ ಆಗಿದೆ? ಮಾಮನ ಮೈಮೇಲೆ ಎರಡು ಸ್ವೆಟರ್ ಉಂಟು."

"ಹಾಗಾದ್ರೆ ಮಾತ್ರೆ ಹಿಡಿದಿರ್ಬೇಕು."

"ಮಾತ್ರೆಯೂ ಇರ್ಬಹುದು. ಅರ್ಧಕ್ಕೆ ಎದ್ದದ್ದೂ ಇರ್ಬಹುದು."

ನಾನು ಒಪ್ಪಲಿಲ್ಲ. ಆದರೆ ಅವರಿಬ್ಬರೂ ಎದ್ದು ಹೋದ ಮೇಲೆ ಪದರಗಳ ಕ್ರಮವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಇಟ್ಟು ನೋಡಿದೆ. ಡಬ್ಬಿ ತುಂಬಿದ್ದು ಸುಳ್ಳು, ಆದರೆ ಮೂಲೆ ಚೂಪಾದದ್ದು ಸುಳ್ಳಲ್ಲ. ಅದನ್ನು ಯಾರೂ ನಕಲು ಮಾಡಿರಲಿಲ್ಲ. ನಾನು ನೋಡಬೇಕಾದದ್ದು ಡಬ್ಬಿ ಎಷ್ಟು ತುಂಬಿತು ಎಂದಲ್ಲ, ಕೈ ಹೇಗಾಯಿತು ಎಂದು. ಡಾಕ್ಟರಮ್ಮ ಡಬ್ಬಿಯ ಮಾತನ್ನೇ ಆಡಿರಲಿಲ್ಲ, ಅದನ್ನು ಕಟ್ಟಿಕೊಂಡವಳು ನಾನು.

ಸೊಟ್ಟದ್ದನ್ನೆಲ್ಲ ಬೂಫಿಯಾಕ್ಕೆ ಕಳಿಸಿದೆ. ಅದರಲ್ಲಿ ನನ್ನದೂ ಹೋಗಿದೆ, ಹೋಗಲಿ. ಖಂಡಿತ ನನ್ನದೇ ಎಂದು ಗೊತ್ತಿದ್ದದ್ದು ಮಾತ್ರ ಡಬ್ಬಿಯಲ್ಲಿ ಉಳಿಯಿತು. ಡಬ್ಬಿಯ ಅಡಿ ಕಾಣುವಷ್ಟು ಕಡಿಮೆ. ರಂಜಾನಿನ ಮೊದಲ ದಿನ ಕರಿದು ತಟ್ಟೆಗೆ ಹಾಕಿದಾಗ ತಟ್ಟೆಯ ನಡುವೆ ಬಿಳಿ ಜಾಗ ಕಾಣುತ್ತಿತ್ತು.

"ಬೋಳು ಕಾಣ್ತದೆ. ಅಂಗಡಿಯದ್ದು ನಾಲ್ಕು ಹಾಕ್ಲಾ?" ಎಂದರು ಯಜಮಾನರು.

ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟೆ. "ಸಣ್ಣ ತಟ್ಟೆ ತೆಗೀರಿ."

ಸಣ್ಣ ತಟ್ಟೆಯಲ್ಲಿ ತೆಗೆದುಕೊಂಡು ಹೋದರು. ದಿನವೂ ಒಂದು ತಟ್ಟೆ ಎಂದು ಮಾತು ಕೊಟ್ಟಿದ್ದೆ, ಎಷ್ಟು ದೊಡ್ಡ ತಟ್ಟೆ ಎಂದು ಹೇಳಿರಲಿಲ್ಲ. ಉಳಿದ ದಿನಗಳ ತಟ್ಟೆಗೆ ದಿನಾ ಸ್ವಲ್ಪ ಮಡಚಿದರೆ ಸಾಕು. ಕೈ ಸೋತು ಮೂಲೆ ಸೊಟ್ಟಗಾದರೂ ಅದು ಮಸೀದಿಗೆ ಹೋಗುತ್ತದೆ. ಈಗ ಡಬ್ಬಿಗೆ ಬೇರೆ ಕೈ ಇಲ್ಲ. ಇಲ್ಲ ಎಂದು ಅವರು ಹೇಳಿದ್ದಾರೆ. ಆದರೂ ನಾನು ಪ್ರತಿ ಬೆಳಗ್ಗೆ ಮೇಲಿನ ಪದರ ನೋಡುತ್ತೇನೆ.

ಈವತ್ತು ಬೆಳಗ್ಗೆ ಬೆರಳು ತಾನಾಗಿ ಬಿಚ್ಚಿತು. ಹೆಬ್ಬೆರಳು ಒತ್ತಿದರೆ ಒತ್ತುತ್ತದೆ. ಮಡಚುವಾಗ ಅವರು ಎದುರಿಗೆ ಕೂತು ಅಂಟಿಕೊಂಡ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದರು. ಅಷ್ಟಕ್ಕೆ ನಾನೇ ಒಪ್ಪಿದ್ದು. ಅರ್ಧ ಕಟ್ಟು ಮುಗಿದಾಗ ಕೈ ಇನ್ನೂ ಬೇಕು ಅನ್ನುತ್ತಿತ್ತು. ಒದ್ದೆ ಬಟ್ಟೆ ಮುಚ್ಚಿ ಎದ್ದೆ.

"ಈವತ್ತು ನಿನ್ನ ಕೈ ಓಡ್ತಾ ಉಂಟಲ್ಲಾ, ಮುಗಿಸಿ ಬಿಡು," ಎಂದರು.

"ಅದಕ್ಕೇ ಎದ್ದದ್ದು."

ಅವರ ಕೈ ಬಟ್ಟೆಯ ಹತ್ತಿರ ಇತ್ತು. ನಾನು ನೋಡುತ್ತಾ ನಿಂತೆ. ಅವರು ಕೈ ಹಿಂದಕ್ಕೆ ತೆಗೆದು ಲುಂಗಿಗೆ ಒರೆಸಿಕೊಂಡರು.